ಎಲ್ಲ ನಾರ್ಮಲ್ ಇದ್ದ ಆಡಿ ತಿಂಗಳು

ಕಳೆದ ವಾರ ಬೋಡಿನಾಯಕನೂರು ದಾಟಿ ಬಸ್ಸು ತೇವಾರಂ ಕಡೆಗೆ ತಿರುಗಿದಾಗ ಕಿಟಕಿಯಿಂದ ಗಂಧಕದ ವಾಸನೆ ಒಳಗೆ ಬಂತು. ಮೋಡ ಮುಸುಕಿದ ದಿನಗಳಲ್ಲಿ ದ್ರಾಕ್ಷಿಗೆ ಬೂದಿರೋಗ ಹತ್ತದಿರಲಿ ಎಂದು ಗಂಧಕದ ಪುಡಿ ಹೊಡೆಯುತ್ತಾರೆ. ನಾನು ಕಿಟಕಿ ಮುಚ್ಚಿದೆ. ಪಕ್ಕದಲ್ಲಿದ್ದ ಹೆಂಗಸು ಸೆಖೆಯಾಗುತ್ತದೆ ಎಂದು ತಮಿಳಿನಲ್ಲಿ ಗೊಣಗಿದರು. ನಾನು ತೆಗೆಯಲಿಲ್ಲ. ಕೊನೆಗೆ ಅವರೇ ನನ್ನ ಮೇಲೆ ಬಾಗಿ ತೆಗೆದರು.

ಮೂರು ವರ್ಷದ ಹಿಂದಿನ ಆಡಿ ತಿಂಗಳನ್ನು, ಅಂದರೆ ತಮಿಳರ ಆಷಾಢವನ್ನು, ನಾನು ಪೂರ್ತಿಯಾಗಿ ಈ ವಾಸನೆಯೊಳಗೇ ಕಳೆದೆ. ಅದನ್ನು ಬರೆಯಬೇಕೆಂದು ಮೊದಲು ಅನ್ನಿಸಿರಲಿಲ್ಲ. ಮನೆಯ ವಿಷಯವನ್ನು ಹೊರಗೆ ಆಡುವ ಅಭ್ಯಾಸ ನನಗಿಲ್ಲ. ಆದರೆ ಸುಮ್ಮನಿರುವ ಅಭ್ಯಾಸದಿಂದ ಏನಾಯಿತು ಎಂಬುದನ್ನೇ ಬರೆಯಬೇಕಾಗಿರುವುದರಿಂದ, ಇಲ್ಲಿಯೂ ಸುಮ್ಮನಿರುವುದು ಸರಿಯಲ್ಲ.

ನಮ್ಮ ಜನ ತಮಿಳುನಾಡಿನ ಈ ಕಣಿವೆಗೆ ಬಂದು ಎಷ್ಟೋ ತಲೆಮಾರು ಕಳೆದಿವೆ. ಮನೆಯೊಳಗೆ ಕನ್ನಡ, ಹೊಸ್ತಿಲ ಆಚೆ ತಮಿಳು. ನನ್ನ ಅಪ್ಪ ನಿಲಕ್ಕೋಟ್ಟೈಯಲ್ಲಿ ಹೂವಿನ ವ್ಯಾಪಾರಿ. ನಾನು ಬೆಳೆದದ್ದು ಅಲ್ಲಿ. ಕನ್ನಡ ಓದಲು, ಬರೆಯಲು ಕಲಿತದ್ದು ಮಾತ್ರ ಮೈಸೂರಿನ ಹಾಸ್ಟೆಲಿನಲ್ಲಿ, ಎಂ.ಎಸ್‌ಸಿ. ಮಾಡುವಾಗ. ಆ ವರ್ಷ ನನ್ನ ಕೊನೆಯ ಪ್ರಬಂಧ ಬರೆಯುವುದು ಬಾಕಿಯಿತ್ತು. ಮನೆಯಲ್ಲಿ ಬೆಳಗಿನ ಜಾವದಿಂದಲೇ ಮಲ್ಲಿಗೆ ಮೂಟೆಗಳ ಗದ್ದಲ. ಅಮ್ಮ, ತೇವಾರಂನ ಅತ್ತೆಯ ಮನೆಗೆ ಹೋಗು, ಅಲ್ಲಿ ನೆಮ್ಮದಿಯಾಗಿ ಬರೆಯಬಹುದು ಎಂದಳು. ಅಪ್ಪನ ಅಕ್ಕ ಮಲ್ಲಮ್ಮತ್ತೆ. ಅವಳಿಗೆ ಒಬ್ಬನೇ ಮಗ, ಸೆಲ್ವಂ. ಬೋಡಿಯಲ್ಲಿ ಏಲಕ್ಕಿ ಜರಡಿ ಹಿಡಿದು ದರ್ಜೆ ಬೇರ್ಪಡಿಸುವ ಮಂಡಿಯಲ್ಲಿ ಕೆಲಸ. ನಮ್ಮಲ್ಲಿ ಅತ್ತೆಯ ಮಗನಿಗೆ ಹೆಣ್ಣು ಕೇಳುವ ಮೊದಲ ಹಕ್ಕು. ಅಮ್ಮ ನನ್ನನ್ನು ಪ್ರಬಂಧಕ್ಕಾಗಿ ಮಾತ್ರ ಕಳಿಸಿರಲಿಲ್ಲ ಎಂಬುದು ಬಸ್ಸು ಇಳಿಯುವಾಗಲೇ ಗೊತ್ತಾಯಿತು. ಎದುರು ಮನೆಯ ಮುದುಕಿ ನನ್ನ ಚೀಲ ನೋಡಿ, ಆಡಿ ಮುಗಿಯುವ ಮುಂಚೆಯೇ ಸೊಸೆ ಬಂದುಬಿಟ್ಟಳಲ್ಲ ಎಂದು ನಕ್ಕಳು. ಆಡಿಯಲ್ಲಿ ಮದುವೆಯ ಮಾತು ಎತ್ತುವುದಿಲ್ಲ. ಆವಣಿ, ಅಂದರೆ ಶ್ರಾವಣ, ಬಂದ ಮೇಲೆ ನೋಡೋಣ ಎಂದು ಎಲ್ಲರೂ ಕಾಯುತ್ತಿದ್ದರು.

ಹೀಗೆ ಕೊಡುವ ಮಾತಿರುವ ಮನೆಯಲ್ಲಿ ಹುಡುಗಿ ಹೇಗಿರಬೇಕೆಂಬುದಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಮಾವ ಇರುವ ಕಡೆ ಎದುರು ನಿಂತು ಮಾತಾಡಬಾರದು. ಏನಿದ್ದರೂ ಅತ್ತೆಯ ಕಿವಿಗೆ ಹೇಳಬೇಕು, ಅತ್ತೆ ಅದನ್ನು ಮಾವನಿಗೆ ಮುಟ್ಟಿಸಬೇಕು. ನಾನು ಸ್ವಭಾವದಿಂದಲೇ ಕಡಿಮೆ ಮಾತಿನವಳು. ಆದ್ದರಿಂದ ಈ ಕಟ್ಟಳೆ ನನಗೆ ಕಷ್ಟವೆನಿಸಲಿಲ್ಲ, ಅನುಕೂಲವೇ ಎನಿಸಿತು. ಇದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಬೆಳಿಗ್ಗೆಯೆಲ್ಲ ಜಗಲಿಯಲ್ಲಿ ಕೂತು ಕಂಪ್ಯೂಟರ್ ತೆರೆದಿಡುತ್ತಿದ್ದೆ. ಘಟ್ಟದ ಆಚೆ ಕೇರಳದಲ್ಲಿ ಸುರಿಯುವ ಮಳೆಯ ಚೂರು ಗಾಳಿಯಲ್ಲಿ ಹಾರಿ ಈಚೆ ಬೀಳುತ್ತಿತ್ತು. ಆ ತುಂತುರಿಗೆ ಇಲ್ಲಿ ಸಾರಲ್ ಎನ್ನುತ್ತಾರೆ. ಗಾಳಿ ಎಷ್ಟು ಜೋರೆಂದರೆ ಕಾಗದದ ಮೇಲೆ ಕಲ್ಲಿಡಬೇಕಾಗಿತ್ತು. ನನ್ನ ಕೆಲಸ ಹೃದಯದ ಸ್ನಾಯುವಿನ ಒಂದು ಹಾಳೆಯನ್ನು ಲೆಕ್ಕದಲ್ಲಿ ಕಟ್ಟುವುದು: ಸಾವಿರಾರು ಚೌಕ, ಒಂದೊಂದು ಚೌಕವೂ ಒಂದೊಂದು ಕೋಶ. ಒಂದು ಮೂಲೆಯಿಂದ ಮಿಡಿತದ ಅಲೆ ಹೊರಟು ನೇರವಾಗಿ ಇನ್ನೊಂದು ತುದಿಗೆ ಹೋಗುತ್ತದೆ. ಪರದೆಯ ಮೇಲೆ ಅದು ಕೆಂಪು ಗೆರೆಯಾಗಿ ಕಾಣುತ್ತದೆ.

ಒಂದು ದಿನ ಅತ್ತೆ ಕಾಫಿ ಲೋಟ ಇಟ್ಟು ಬಗ್ಗಿ ನೋಡಿದಳು. ಮುದ್ದಿಗೆ ಅವಳು ನನ್ನನ್ನು ಕಣ್ಣು ಎಂದು ಕರೆಯುತ್ತಿದ್ದಳು. "ಏನ್ ಕಣ್ಣು ಇದು, ಕಾಡಿಗೆ ಬೆಂಕಿ ಬಿದ್ದಂಗೆ?"

"ಎದೆ, ಅತ್ತೆ."

"ಯಾರ್ದು?"

"ಯಾರ್ದೂ ಇಲ್ಲೆ. ಲೆಕ್ಕದ್ದು."

"ಅದ್ಕೇ ನೆಮ್ಮದಿಯಾಗೈತೆ. ಗಂಡನ ಮನೆ ಇಲ್ಲೆ ಅದಕ್ಕೆ," ಎಂದು ಹೇಳಿ ಒಳಗೆ ಹೋದಳು.

ಮಧ್ಯಾಹ್ನ ಮತ್ತೆ ಬಂದು, ನಿಜವಾಗಿ ಏನದು ಎಂದು ಕೇಳಿದಳು. ನಾನು ತಿಳಿದಂತೆ ಹೇಳಿದೆ. ಹೃದಯದ ಪ್ರತಿ ಕೋಶವೂ ಪೊಟ್ಯಾಸಿಯಂ ಎಂಬ ಉಪ್ಪನ್ನು ಒಳಗೆ ತುಂಬಿಟ್ಟುಕೊಂಡು, ಹೊರಗೆ ತೀರ ಸ್ವಲ್ಪ ಇರುವಂತೆ ನೋಡಿಕೊಳ್ಳುತ್ತದೆ. ಆ ಒಳಹೊರಗಿನ ವ್ಯತ್ಯಾಸದಿಂದಲೇ ಮಿಡಿತದ ವಿದ್ಯುತ್ತು ನಡೆಯುತ್ತದೆ. ಎಲ್ಲೋ ಒಂದು ಕಡೆ ರಕ್ತನಾಳ ಕಟ್ಟಿಕೊಂಡರೆ, ಆ ನಾಳವನ್ನು ನಂಬಿದ ಜಾಗದ ಕೋಶಗಳು ಪೊಟ್ಯಾಸಿಯಂ ಸೋರಲು ಬಿಡುತ್ತವೆ. ತೊಳೆದುಕೊಂಡು ಹೋಗಲು ರಕ್ತ ಹರಿಯದ್ದರಿಂದ ಸೋರಿದ್ದು ಅಲ್ಲೇ ನಿಲ್ಲುತ್ತದೆ. ಸ್ವಲ್ಪ ಆಚೆಗೆ ಎಲ್ಲ ಮೊದಲಿನಂತೆ ಸರಿಯಾಗಿರುತ್ತದೆ. ಒಂದೇ ಹೃದಯ, ಒಂದು ಮೂಲೆಯಲ್ಲಿ ಹೆಚ್ಚು, ಪಕ್ಕದಲ್ಲಿ ಕಡಿಮೆ. ಅಲೆ ಆ ಗಡಿಗೆ ಬಂದಾಗ ಒಂದು ಕಡೆ ನಿಧಾನವಾಗುತ್ತದೆ, ಒಂದು ಕಡೆ ನಿಂತೇ ಹೋಗುತ್ತದೆ, ಸುತ್ತಿ ಬಂದು ತನ್ನ ಬಾಲವನ್ನೇ ಹಿಡಿಯುತ್ತದೆ. ಸುಳಿಯಾಗುತ್ತದೆ. ಸುಳಿ ಒಡೆದು ಹತ್ತಾರು ಸುಳಿಗಳಾದರೆ ಹೃದಯ ಮಿಡಿಯುವುದಿಲ್ಲ, ಸುಮ್ಮನೆ ನಡುಗುತ್ತದೆ.

ಅತ್ತೆ ಪರದೆಯ ಮೇಲಿನ ಸುಳಿಯನ್ನು ಬಹಳ ಹೊತ್ತು ನೋಡಿದಳು. "ನಮ್ ಕೀಳ್ ಮೂಲೆ ಹಂಗೇ," ಎಂದಳು.

ಕೀಳ್ ಮೂಲೆ ಎಂದರೆ ಅವರ ದ್ರಾಕ್ಷಿ ತೋಟದ ತಗ್ಗಿನ ಭಾಗ. ಅಲ್ಲಿಯ ಬಳ್ಳಿಗಳ ಎಲೆಯ ಅಂಚು ಸುಟ್ಟಂತೆ ಕಂದಾಗಿತ್ತು. ಆ ವಾರವೇ ಮಾವ ಮಣ್ಣು ಪರೀಕ್ಷೆಗೆ ಕಳಿಸುವವರಿದ್ದರು. ಪದ್ಧತಿ ಎಲ್ಲರಿಗೂ ಗೊತ್ತಿರುವಂಥದು: ತೋಟದಲ್ಲಿ ಅಡ್ಡಾದಿಡ್ಡಿ ನಡೆದು ಹತ್ತು ಕಡೆ ಗುಂಡಿ ತೋಡಿ, ಹತ್ತರ ಮಣ್ಣನ್ನೂ ಒಂದು ಗೋಣಿಯ ಮೇಲೆ ಸುರಿದು ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಿ, ಮತ್ತೆ ಕಲಸಿ, ಕೊನೆಗೆ ಅರ್ಧ ಕಿಲೋ ಉಳಿಸಿ ಬಟ್ಟೆಯ ಚೀಲಕ್ಕೆ ಕಟ್ಟುವುದು. ಕೆಟ್ಟ ಜಾಗದ ಮಣ್ಣನ್ನು ಬೇರೆ ಕಟ್ಟಬೇಕೆಂದು ಅದೇ ಪದ್ಧತಿಯಲ್ಲಿದೆ. ಅದನ್ನು ಯಾರೂ ಮಾಡುವುದಿಲ್ಲ. ಅತ್ತೆ ಮಾತ್ರ ಗೋಣಿಯ ಪಕ್ಕ ನಿಂತು, ಆ ಮೂಲೆಯದನ್ನು ಇದಕ್ಕೆ ಸೇರಿಸಬೇಡಿ ಎಂದಳು. "ಎಲ್ಲಾನೂ ಕಲಸಿದ್ರೆ ಒಳ್ಳೆ ಮಣ್ಣು ಕೆಟ್ಟ ಮಣ್ಣಿನ ಮಾನ ಮುಚ್ಚುತ್ತೆ."

ಮಾವ ಕಲಸುತ್ತಲೇ ಇದ್ದರು. ನಾಲ್ಕು ದಿನಕ್ಕೆ ಕಾಗದ ಬಂತು. ಪೊಟ್ಯಾಷಿಗೆ ನಾವು ಹೇಳುವ ಸಾಂಬಲ್ ಸತ್ತು, ಅಂದರೆ ಬೂದಿಯ ಸಾರ, ನಡುಮಟ್ಟದಲ್ಲಿದೆ, ಹೆಚ್ಚಿಗೆ ಹಾಕುವುದು ಬೇಡ ಎಂದಿತ್ತು. ಮಾವ ಅದನ್ನು ಗೋಡೆಗೆ ಅಂಟಿಸಿದರು. ಕೀಳ್ ಮೂಲೆಯ ಎಲೆ ಸುಡುತ್ತಲೇ ಇತ್ತು.

ಅತ್ತೆಯ ತೊಂದರೆ ಶುರುವಾದದ್ದು ಆಮೇಲೆ. ದ್ರಾಕ್ಷಿ ನಮ್ಮಲ್ಲಿ ತಲೆಯ ಮೇಲೆ ಕಟ್ಟಿದ ತಂತಿಯ ಪಂದಲಿನ ಮೇಲೆ ಹಬ್ಬುತ್ತದೆ. ಒತ್ತೊತ್ತಾಗಿ ಬಂದ ಗೊಂಚಲಿನಿಂದ ಸಣ್ಣ ಕಾಯಿ ಕತ್ತರಿಸಿ ತೆಗೆಯುವ ಕೆಲಸ ಹೆಂಗಸರದು. ಇಡೀ ದಿನ ಕೈ ಮೇಲೆ, ಕುತ್ತಿಗೆ ಹಿಂದಕ್ಕೆ. ಅತ್ತೆ ಮೂವತ್ತು ವರ್ಷ ಈ ಕೆಲಸ ಮಾಡಿದವಳು. ಆ ವಾರ ಅವಳು ಗಂಟೆಗೊಮ್ಮೆ ಕತ್ತರಿ ಇಟ್ಟು ಕೂರತೊಡಗಿದಳು. ಕೈ ಎತ್ತಿದರೆ ಬೆನ್ನಿನ ನಡುವೆ ಹಿಡಿಯುತ್ತದೆ, ದವಡೆಯಲ್ಲಿ ಹಲ್ಲುನೋವಿನ ಹಾಗೆ ಬರುತ್ತದೆ, ಕೂತರೆ ಹೋಗುತ್ತದೆ ಎಂದಳು. ಎರಡು ಸಲ ವಾಂತಿ ಮಾಡಿಕೊಂಡಳು. ಕೆಲಸದ ಹೆಂಗಸರು ವಾಯು ಎಂದರು, ಓಮದ ನೀರು ಕುಡಿಸಿದರು. ಮಾವ ವಯಸ್ಸು ಎಂದರು. ಮಾವ ಅವಳಿಗಿಂತ ಏಳು ವರ್ಷ ದೊಡ್ಡವರು.

ಕೊನೆಗೆ ಒಂದು ಬೆಳಿಗ್ಗೆ ನಾಲ್ವರೂ ಸಣ್ಣ ಖಾಸಗಿ ಆಸ್ಪತ್ರೆಗೆ ಹೋದೆವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ, ತಪ್ಪು ಅದರದ್ದಲ್ಲ. ಡಾಕ್ಟರು ರಕ್ತ ಪರೀಕ್ಷೆ, ಇಸಿಜಿ ಎರಡನ್ನೂ ಬರೆದರು. ರಕ್ತ ತೆಗೆದದ್ದಾಯಿತು. ಇಸಿಜಿಗೆ ಕರೆದಾಗ ಒಳಗಿದ್ದದ್ದು ಒಬ್ಬ ಗಂಡಸು. ಯಂತ್ರ ನಡೆಸುವ ಹುಡುಗಿ ಊರ ದೇವತೆ ಅಮ್ಮನ ಪೂಜೆಗೆಂದು ರಜೆಯಲ್ಲಿದ್ದಳು, ಮಂಗಳವಾರ ಬರುತ್ತಾಳೆ ಎಂದರು. ಅತ್ತೆ ಪರದೆಯ ಹತ್ತಿರ ನಿಂತು ಮಾವನ ಮುಖ ನೋಡಿದಳು. ರವಿಕೆ ಬಿಚ್ಚಬೇಕೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮಾವ ಹೇಳಿದ್ದು ಇಷ್ಟು: "ರಕ್ತ ತಗೊಂಡ್ರಲ್ಲ. ಉಪ್ಪು ಸತ್ತು ಎಲ್ಲಾ ಅದ್ರಲ್ಲೇ ತೆರೀತದೆ. ಸೆರಿಯಿದ್ರೆ ಇದು ಯಾತಕ್ಕೆ?" ತೆರೀತದೆ ಎಂದರೆ ನಮ್ಮ ಮಾತಿನಲ್ಲಿ ತಿಳಿಯುತ್ತದೆ ಎಂದು.

ನಾನು ಬೆಂಚಿನ ಮೇಲೆ ಕೂತಿದ್ದೆ, ಅತ್ತೆಯ ಚೀಲ ನನ್ನ ತೊಡೆಯ ಮೇಲಿತ್ತು. ಬೆನ್ನು, ದವಡೆ, ಕೆಲಸ ಮಾಡಿದರೆ ಬಂದು ಕೂತರೆ ಹೋಗುವ ನೋವು. ಇದೇನೆಂದು ನನಗೆ ಆ ಬೆಂಚಿನ ಮೇಲೆ ತಿಳಿದಿತ್ತು. ತೋಳಿನ ನಾಳದಿಂದ ತೆಗೆದ ರಕ್ತದಲ್ಲಿರುವ ಪೊಟ್ಯಾಸಿಯಂ ಇಡೀ ದೇಹದ್ದು, ಕಲಸಿದ ಮಣ್ಣಿನ ಹಾಗೆ. ಹೃದಯದ ಒಂದು ಮೂಲೆಯಲ್ಲಿ ಏನಾಗುತ್ತಿದೆ ಎಂಬುದನ್ನು ಅದು ಹೇಳಲಾರದು ಎಂಬುದಂತೂ ನನ್ನ ಪ್ರಬಂಧದ ಮೊದಲ ಪುಟದಲ್ಲೇ ಇತ್ತು. ಎದ್ದು, ಮಾವ, ನಾನು ಒಳಗೆ ಅತ್ತೆಯ ಜೊತೆ ನಿಲ್ಲುತ್ತೇನೆ, ಮೇಲೆ ಸೆರಗು ಹಿಡಿದಿರುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಸೆಲ್ವಂ ನಿಂತಿದ್ದ. ಆವಣಿಯ ಮಾತು ಎಲ್ಲರ ತಲೆಯಲ್ಲೂ ಇತ್ತು. ಮಾವನಿಗೆ ಎದುರಾಡುವುದೆಂದರೆ, ಅದರಲ್ಲೂ ಅತ್ತೆಯ ರವಿಕೆಯ ವಿಷಯದಲ್ಲಿ, ಆ ಮನೆಯ ಸೊಸೆಯಂತೆ ಅಧಿಕಾರ ನಡೆಸಿದ ಹಾಗೆ. ನಾನು ಸೊಸೆಯಾಗಲು ಒಪ್ಪಿದ್ದೇನೆ ಎಂದು ಅವರು ತಿಳಿದುಕೊಳ್ಳುತ್ತಾರೆ. ನಾನು ಯೋಚಿಸಿದ್ದು ಇದನ್ನು. ಚೀಲದ ಹಿಡಿಯನ್ನು ಸರಿಮಾಡಿದೆ. ಎಲ್ಲರೂ ಎದ್ದು ಹೊರಗೆ ಬಂದೆವು.

ಸಂಜೆ ಸೆಲ್ವಂನ ಮೊಬೈಲಿಗೆ ವರದಿ ಬಂತು. ಮಾವ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಗಟ್ಟಿಯಾಗಿ ಓದಿದರು. ಸೋಡಿಯಂ ನಾರ್ಮಲ್. ಪೊಟ್ಯಾಸಿಯಂ ನಾರ್ಮಲ್. ಸಕ್ಕರೆ ನಾರ್ಮಲ್. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಎಲ್ಲಾ ಸೆರಿ ಐತೆ ಅಂದ್ರೆ ಈ ವಲಿ ಯಾರ್ದು?" ಎಂದು ಕೇಳಿದಳು. ವಲಿ ಎಂದರೆ ನಮ್ಮಲ್ಲಿ ನೋವು. ಅದು ಕೆಲಸದಲ್ಲಿ ಮನಸ್ಸಿಲ್ಲದವರಿಗೆ ಬರುತ್ತದೆ ಎಂದು ಮಾವ ನಕ್ಕರು. ನಾನು ಆ ರಾತ್ರಿ ಊಟದ ಹೊತ್ತಿಗೆ, ಪದ್ಧತಿಯ ಪ್ರಕಾರ ಅತ್ತೆಯ ಕಿವಿಯ ಹತ್ತಿರ, ಮಂಗಳವಾರ ಹೋಗಿ ಇಸಿಜಿ ತೆಗೆಸೋಣ ಎಂದೆ. ಅತ್ತೆ ಅದನ್ನು ಮಾವನಿಗೆ ಹೇಳಿದಳು. ಮಾವ, ಕಟಾವು ಮುಗಿಯಲಿ ಎಂದರು. ಅಲ್ಲಿಗೆ ನನ್ನ ಜವಾಬ್ದಾರಿ ಮುಗಿಯಿತೆಂದು ನಾನು ಮರುದಿನ ಜಗಲಿಗೆ ಹೋಗಿ ಕೂತು, ಲೆಕ್ಕದ ಹಾಳೆಯ ಒಂದು ಮೂಲೆಯಲ್ಲಿ ಪೊಟ್ಯಾಸಿಯಂ ಏರಿಸಿ ಅಲೆ ಹೇಗೆ ಒಡೆಯುತ್ತದೆಂದು ನೋಡಿದೆ. ಒಳ್ಳೆಯ ಚಿತ್ರಗಳು ಬಂದವು. ಪ್ರಬಂಧಕ್ಕೆ ಹಾಕಿಕೊಂಡೆ.

ಆಸ್ಪತ್ರೆಗೆ ಹೋಗಿಬಂದ ಹನ್ನೆರಡನೆಯ ದಿನ ಕಟಾವು. ಸಾರಲ್ ನಿಂತು ಬಿಸಿಲು ಬಂದಿತ್ತು. ಹೆಂಗಸರು, ಹಣ್ಣು ತುಂಬುವ ಗಂಡಸರು, ವ್ಯಾಪಾರಿಯ ಕಡೆಯವರು ಎಲ್ಲ ಸೇರಿ ಪಂದಲಿನ ಕೆಳಗೆ ಮೂವತ್ತು ಜನ. ಹನ್ನೊಂದು ಗಂಟೆಯ ಹೊತ್ತಿಗೆ ಅತ್ತೆ ಗೊಂಚಲಿಗೆ ಕೈ ಎತ್ತಿದಳು. ಕತ್ತರಿ ಮೊದಲು ಬಿತ್ತು. ಅವಳು ಮಡಚಿಕೊಂಡಂತೆ ಹಣ್ಣಿನ ಕ್ರೇಟಿನ ಮೇಲೆ ಬಿದ್ದಳು.

ನಾಡಿ ಇರಲಿಲ್ಲ. ಕಾಲೇಜಿನಲ್ಲಿ ರಬ್ಬರ್ ಬೊಂಬೆಯ ಮೇಲೆ ಕಲಿತಿದ್ದ ಹಾಗೆ ಅವಳನ್ನು ಅಂಗಾತ ಮಾಡಿ ಎದೆಯ ನಡುವೆ ಒತ್ತತೊಡಗಿದೆ. ಯಾರೋ ನೀರು ಚಿಮುಕಿಸಿದರು, ಯಾರೋ ಅಂಗೈಗೆ ಕಬ್ಬಿಣ ಕೊಡಿ ಎಂದರು. ಮಾವ ನನ್ನ ಭುಜ ಹಿಡಿದು, "ಏ ಪುಳ್ಳೆ, ಎಲುಬು ಮುರೀತೀಯ, ಬಿಡು," ಎಂದರು. ನಾನು ತಲೆ ಎತ್ತದೆ, ದೂರ ನಿಲ್ಲಿ ಎಂದೆ. ಒಂದು ಪಕ್ಕೆಲುಬು ಕೈಯ ಕೆಳಗೆ ಲಟಕ್ಕೆಂದದ್ದು ಆಮೇಲೆ. ಸೆಲ್ವಂ ಅಂದು ಕಟಾವಿಗೆಂದು ರಜೆ ಹಾಕಿದ್ದ. ಅವನೇ ಆಂಬ್ಯುಲೆನ್ಸಿಗೆ ಫೋನ್ ಮಾಡಿದ, ಅವನೇ ರಸ್ತೆಗೆ ಓಡಿ ತೋಟದ ದಾರಿ ತೋರಿಸಿದ. ಗಾಡಿ ಊರ ಕೂಡುರಸ್ತೆಯಲ್ಲೇ ಇದ್ದದ್ದು ಬರೀ ಅದೃಷ್ಟ.

ಆಂಬ್ಯುಲೆನ್ಸಿನ ಗಂಡಸು ಮಂಡಿಯೂರಿ ಕತ್ತರಿ ತೆಗೆದ. ರವಿಕೆಯನ್ನು ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಸಲಕ್ಕೆ ಸೀಳಿ, ಬೆವರು ಒರಸಿ, ಶಾಕ್ ಕೊಡುವ ಯಂತ್ರದ ಎರಡು ಪಟ್ಟಿಗಳನ್ನು ಅಂಟಿಸಿದ. ನಡು ಹಗಲಿನ ಬಿಸಿಲಿನಲ್ಲಿ, ಮೂವತ್ತು ಜನರ ಎದುರು. ಒಬ್ಬರೂ ಬೇಡವೆನ್ನಲಿಲ್ಲ. ಮಾವನೂ ಅನ್ನಲಿಲ್ಲ. ಪರದೆಯ ಹಿಂದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಮಗಳಂಥ ನಾನು ಪಕ್ಕದಲ್ಲಿರುವಾಗ ಐದು ನಿಮಿಷಕ್ಕೆ ತೆರೆಯಬಾರದಾಗಿದ್ದದ್ದು ಅದೇ ಎದೆ. ಆ ಕ್ಷಣದಲ್ಲಿ ನನಗೆ ಭಯಕ್ಕಿಂತ ಮೊದಲು ಸಿಟ್ಟು ಬಂತು. ಅಲ್ಲಿ ನಿಂತಿದ್ದ ಪ್ರತಿಯೊಬ್ಬರ ಮೇಲೂ ಬಂತು. ಅದು ಇನ್ನೂ ಇಳಿದಿಲ್ಲ.

ಯಂತ್ರದ ಸಣ್ಣ ಪರದೆಯ ಮೇಲೆ ಗೆರೆ ನಡುಗುತ್ತಿತ್ತು. ಎತ್ತರವಿಲ್ಲ, ಲಯವಿಲ್ಲ, ಬರೀ ನಡುಕ. ನನ್ನ ಪ್ರಬಂಧದಲ್ಲಿ ಅದರ ಕೆಳಗೆ ಚಿತ್ರದ ಸಂಖ್ಯೆ ಇರುತ್ತದೆ. ಮೊದಲ ಶಾಕಿಗೆ ಏನೂ ಆಗಲಿಲ್ಲ. ಮತ್ತೆ ಒತ್ತಿದೆವು. ಎರಡನೆಯದಕ್ಕೆ ಗೆರೆ ಒಂದು ಕ್ಷಣ ಚಪ್ಪಟೆಯಾಗಿ, ಆಮೇಲೆ ಒಂದು ಮಿಡಿತ ಎದ್ದಿತು, ಮತ್ತೊಂದು ಎದ್ದಿತು.

ತೇನಿಯ ಆಸ್ಪತ್ರೆಯಲ್ಲಿ ಮುಚ್ಚಿದ್ದ ನಾಳ ತೆರೆದರು. ವಾರಗಟ್ಟಲೆ ಬಿಗಿಯಾಗುತ್ತ ಬಂದು ಅಂದು ಪೂರ್ತಿ ಮುಚ್ಚಿತ್ತಂತೆ. ಹೃದಯದ ಮುಂಭಾಗದ ಒಂದಿಷ್ಟು ಸ್ನಾಯು ಸತ್ತಿತ್ತು. ಆ ಡಾಕ್ಟರು ವಿಧಿಯ ಮಾತೆತ್ತಲಿಲ್ಲ, ಬೈಯಲೂ ಇಲ್ಲ. ಮೊದಲೇ ಒಂದು ಇಸಿಜಿ ತೆಗೆದಿದ್ದರೆ ಎಂದು ಶುರುಮಾಡಿ, ನಮ್ಮ ಮುಖ ನೋಡಿ, ಆ ವಾಕ್ಯವನ್ನು ಮುಗಿಸದೆ ಹೋದರು.

ಅತ್ತೆ ಮನೆಗೆ ಬಂದಾಗ ಆವಣಿ ಶುರುವಾಗಿತ್ತು. ಒಳಕೋಣೆಯಲ್ಲಿ ಹಾಸಿಗೆ. ಎರಡು ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಇನ್ನು ಪಂದಲಿನ ಕೆಲಸವಿಲ್ಲ ಎಂದಿದ್ದರು. ಕಿತ್ತಳೆ, ಬಿಸ್ಕತ್ತು ಹಿಡಿದುಕೊಂಡು ನೆಂಟರು ಬರತೊಡಗಿದರು. ಬಂದವರಿಗೆಲ್ಲ ಮಾವ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಆ ವರದಿ ತೆಗೆದು ತೋರಿಸುತ್ತಿದ್ದರು. ನಾವೇನೂ ಕಡಿಮೆ ಮಾಡಲಿಲ್ಲ. ಕೂಡಲೇ ರಕ್ತ ನೋಡಿಸಿದೆವು. ಪೊಟ್ಯಾಸಿಯಂ ಕೂಡ ನಾರ್ಮಲ್ ಇತ್ತು. ಇದು ಯಾರಿಗೂ ತಿಳಿಯುವಂಥದಲ್ಲ. ದಿನಕ್ಕೆ ನಾಲ್ಕು ಸಲ, ಐದು ಸಲ, ಅದೇ ಮಾತು ಅದೇ ಕ್ರಮದಲ್ಲಿ. ಕೇಳಿದವರು ತಲೆಯಾಡಿಸಿ, ಎಲ್ಲ ಅವನ ಇಚ್ಛೆ ಎಂದು ಕಾಫಿ ಕುಡಿಯುತ್ತಿದ್ದರು.

ಒಂದು ಮಧ್ಯಾಹ್ನ ಜಗಲಿಯಲ್ಲಿ ಐದಾರು ಗಂಡಸರಿದ್ದರು. ನಾನು ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಮಾವ ಪೊಟ್ಯಾಸಿಯಂ ಎಂಬಲ್ಲಿಗೆ ಬಂದಾಗ ತಟ್ಟೆಯನ್ನು ಕೆಳಗಿಟ್ಟೆ.

"ಆ ಕಾಗದ ತೋರಿಸ್ಬೇಡಿ ಮಾವ," ಎಂದೆ. "ಅದು ತೋಳಿನ ರಕ್ತ. ಅತ್ತೆ ಎದೇಲಿ ಏನಾಗ್ತಿತ್ತು ಅಂತ ಅದ್ರಲ್ಲಿಲ್ಲೆ. ಕೀಳ್ ಮೂಲೆ ಮಣ್ಣನ್ನ ಕಲಸಿ ಕಳಿಸಿದ್ರಿ, ನಡುಮಟ್ಟ ಅಂತ ಬಂತು. ಇದೂ ಹಂಗೇ ಬಂತು. ಇಸಿಜಿ ತೆಗೆದಿದ್ರೆ ತೆರೀತಿತ್ತು. ಗಂಡಸು ನೋಡ್ತಾನೆ ಅಂತ ನೀವು ಬೇಡ ಅಂದ್ರಿ. ಅತ್ತೆ ವಲಿ ಅಂದ್ಳು, ನೀವು ನಕ್ಕ್ರಿ."

ಒಬ್ಬ ಹಿರಿಯರು ಕೆಮ್ಮಿ, ಓದಿದ ಹುಡುಗಿಗೆ ಬಾಯಿ ಬಂತಪ್ಪ, ಸೆಲ್ವಂ ತಪ್ಪಿಸಿಕೊಂಡ ಎಂದರು. ಒಂದಿಬ್ಬರು ನಕ್ಕರು. ಮಾವ ನಗಲಿಲ್ಲ. ಮೊಬೈಲನ್ನು ಅಂಗಿಯ ಜೇಬಿಗಿಟ್ಟು, "ನಂಗ್ ಏನ್ ತೆರೀತದೆ," ಎಂದರು. ಅವರ ಮುಖ ಬಿಳಿಚಿತ್ತು. ನನಗೆ ಕನಿಕರ ಬರಲಿಲ್ಲ. ಗೆದ್ದೆ ಎನ್ನಿಸಿತು.

ಆ ಗೆಲುವನ್ನು ಹಿಡಿದುಕೊಂಡೇ ಒಳಕೋಣೆಗೆ ಹೋದೆ. ಗೋಡೆಯಾಚೆ ಎಲ್ಲ ಕೇಳಿಸಿರುತ್ತದೆ, ಅತ್ತೆ ನನ್ನ ಕೈ ಹಿಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ದಿಂಬಿಗೆ ಒರಗಿ ಕೂತಿದ್ದಳು.

"ಇಷ್ಟೂ ನಿಂಗೆ ಯಾವಾಗ ತೆರೀತು, ಕಣ್ಣು?"

ಸುಳ್ಳು ಹೇಳಬಹುದಿತ್ತು. ತೇನಿಯ ಡಾಕ್ಟರು ಹೇಳಿದ ಮೇಲೆ ಎನ್ನಬಹುದಿತ್ತು.

"ಅವತ್ತು ಬೆಂಚಿನ ಮೇಲೆ ಕೂತಿದ್ದಾಗ್ಲೇ," ಎಂದೆ.

"ನನ್ ಚೀಲ ಹಿಡ್ಕೊಂಡಿದ್ದಾಗ."

"ಹೂಂ."

ಅತ್ತೆ ಸಿಟ್ಟಾಗಲಿಲ್ಲ. ಸಿಟ್ಟಾಗಲು ಬೇಕಾದಷ್ಟು ಉಸಿರು ಅವಳಿಗಿರಲಿಲ್ಲ. ಎರಡು ಸಲ ಉಸಿರು ಎಳೆದುಕೊಂಡು, ಒಂದೊಂದೇ ಮಾತನ್ನು ಇಟ್ಟಂತೆ ಹೇಳಿದಳು.

"ಅವ್ರಿಗೆ ತೆರೀಲಿಲ್ಲೆ. ನಿಂಗೆ ತೆರ್ದಿತ್ತು."

ಹೊರಗೆ ಗಂಡಸರು ಚಪ್ಪಲಿ ಹಾಕಿಕೊಂಡು ಹೊರಡುತ್ತಿದ್ದರು. ನಾನು ಹಾಸಿಗೆಯ ಅಂಚಿನಲ್ಲಿ ಕೂರಲೂ ಇಲ್ಲ, ಆಚೆ ಹೋಗಲೂ ಇಲ್ಲ. ಅತ್ತೆ ಗೋಡೆಯ ಕಡೆಗೆ ಹೊರಳಲು ನೋಡಿದಳು. ಮುರಿದ ಪಕ್ಕೆಲುಬು ಬಿಡಲಿಲ್ಲ. ಅವಳು ನನ್ನ ಸಹಾಯ ಕೇಳಲಿಲ್ಲ.